ಮರಿಹಾವಿಗೆ ಎರಡನೇ ಸಲ ಬಡಿಸಿದ್ದು

ಫೆಬ್ರವರಿ 11, ಸೋಮವಾರ, ಬೆಳಗ್ಗೆ 6-20

ಗಾಜಿನ ಪೆಟ್ಟಿಗೆಯ ಬೆಚ್ಚಗಿನ ಕಡೆ 29 ಡಿಗ್ರಿ. ತಣ್ಣಗಿನ ಕಡೆ 24. ನೀರು ಬದಲಿಸಿದೆ. ತೂಕ, ಡಬ್ಬಿಯದು ಕಳೆದು, ಹದಿನೈದು ಗ್ರಾಂ. ಮಗಳು ಏಳುವ ಮೊದಲೇ ಅಡುಗೆಮನೆಯ ತಕ್ಕಡಿ ತೊಳೆದಿಟ್ಟೆ. ಹಾವು ತಂದವಳು ಅವಳೇ, ತಕ್ಕಡಿಗೆ ಮುಟ್ಟಿಸಿದರೆ ಹೇಸಿಗೆಯೂ ಅವಳಿಗೇ.

ಕಾರ್ನ್ ಸ್ನೇಕ್ ಅಂತೆ. ಕಾರ್ನ್ ಎಂದರೆ ಜೋಳ. ಜೋಳ ತಿನ್ನುವುದಿಲ್ಲ. ವಿಷವೂ ಇಲ್ಲ. ಪೆನ್ಸಿಲಿನಷ್ಟು ದಪ್ಪ, ಅದಕ್ಕೆ ಪೆನ್ಸಿಲ್ ಅಂತಲೇ ಹೆಸರು. ಮಗಳಿಗೆ ಹಲ್ಲಿನ ಲ್ಯಾಬಿನಲ್ಲಿ ಕೆಲಸ. ಬೊಚ್ಚು ಬಾಯಿಗಳಿಗೆಲ್ಲ ಹಲ್ಲು ಮಾಡಿಕೊಡುತ್ತಾಳೆ. ಹಗಲೆಲ್ಲ ಮನೆಯಲ್ಲಿ ನಾನು, ಪೆನ್ಸಿಲ್.

ನಿನ್ನೆ ಅದರ ಊಟದ ದಿನ. ವಾರಕ್ಕೆ ಒಂದು ಇಲಿಮರಿ. ಕಣ್ಣು ಬಿಡದ್ದು, ಫ್ರೀಜರಿನಿಂದ ತೆಗೆದು ಬಿಸಿನೀರಿನಲ್ಲಿಟ್ಟು ಮೆತ್ತಗೆ ಮಾಡಿದ್ದು. ಒಂದೇ ಒಂದು! ಮೂವತ್ತೊಂದು ವರ್ಷ ಕಾರ್ಖಾನೆಯ ಕ್ಯಾಂಟೀನ್ ನಡೆಸಿದವನು ನಾನು. ದಿನಕ್ಕೆ ಆರುನೂರು ತಟ್ಟೆ. ಒಂದೇ ಸಲ ಬಡಿಸಿ ಯಾರನ್ನೂ ಎಬ್ಬಿಸಿ ಕಳಿಸಿದವನಲ್ಲ. ಮಗಳು ಸ್ನಾನಕ್ಕೆ ಹೋದಾಗ ಇನ್ನೊಂದು ಕೊಟ್ಟೆ. ಗುಳುಂ. ಆಮೇಲೆ ಅಂಗೈಯಲ್ಲಿಟ್ಟುಕೊಂಡು, ಹಾಲು ಕುಡಿದ ಕೂಸನ್ನು ತೇಗಿಸುವ ಹಾಗೆ, ಒಂದು ಬೆರಳಿನಿಂದ ಬೆನ್ನು ನೇವರಿಸಿದೆ. ಸುಖವಾಗಿತ್ತು — ಅದಕ್ಕೋ ನನಗೋ ಗೊತ್ತಿಲ್ಲ.

ಫೆಬ್ರವರಿ 12, ಸಂಜೆ

ಎಲ್ಲ ಕಕ್ಕಿದೆ. ಎರಡೂ. ಅರ್ಧ ಕರಗಿ, ಬೆಳ್ಳಗೆ… ನಾತ ಮಹಡಿ ಮೆಟ್ಟಿಲಿನವರೆಗೆ. ಒಂದನ್ನು ಪೇಪರಿನಲ್ಲಿ ಸುತ್ತಿ ಬಿಸಾಡಿದೆ. ಇನ್ನೊಂದನ್ನು ಎತ್ತುವಷ್ಟರಲ್ಲಿ ಮಗಳು ಬಂದಳು.

"ಏನ್ ಮಾಡ್ದೆ ಅಪ್ಪಾ?"

"ನಾನೇನ್ ಮಾಡ್ಲಿ? ಅದರ ಹೊಟ್ಟೆ, ಅದರ ಇಷ್ಟ."

"ಇನ್ನು ಹತ್ತು-ಹನ್ನೆರಡು ದಿನ ಏನೂ ಕೊಡಬಾರದು. ಮುಟ್ಟಲೂಬಾರದು. ಹೊಟ್ಟೆಯೊಳಗಿನ ಆಸಿಡ್ಡೆಲ್ಲ ಆಚೆ ಬಂದಿರತ್ತೆ, ಮತ್ತೆ ಊರೋಕೆ ಟೈಮ್ ಬೇಕು."

ಕಾಲೇಜಿನಲ್ಲಿ ಇದನ್ನು ಓದಿದ್ದೆ. ಡೈಜೆಸ್ಟಿವ್ ಸಿಸ್ಟಮ್. ಅನ್ನನಾಳಕ್ಕೆ ಇಂಗ್ಲಿಷಿನಲ್ಲಿ ಒಂದು ಉದ್ದನೆಯ ಹೆಸರು… ಮೇಷ್ಟ್ರು ಬೋರ್ಡಿನ ಮೇಲೆ ಬರೆಯುವಾಗ ನಾನು ಕಿಟಕಿಯಾಚೆ ನೋಡುತ್ತಿದ್ದೆ.

ಫೆಬ್ರವರಿ 14

ಹನ್ನೆರಡು ದಿನ ಉಪವಾಸ! ಜ್ವರ ಬಂದವನಿಗೂ ಗಂಜಿ ಕೊಡುತ್ತೇವೆ. ಹೊಟ್ಟೆಯ ಎರಡೂ ಬದಿ ಒಳಕ್ಕೆ ಹೋಗಿದೆ. ನೋಡಲಾಗಲಿಲ್ಲ. ಅಂಗಡಿಯಿಂದ ನನ್ನದೇ ಒಂದು ಡಬ್ಬಿ ಇಲಿಮರಿ ತಂದು ಫ್ರೀಜರಿನಲ್ಲಿ ಬಟಾಣಿ ಪ್ಯಾಕೆಟ್ಟಿನ ಹಿಂದೆ ಇಟ್ಟೆ. ಚಿಕ್ಕದು ನೋಡಿ ಒಂದು ಕೊಟ್ಟೆ. ತಿಂದಿತು! ಹಸಿವಿಲ್ಲದೆ ತಿನ್ನುತ್ತದೆಯೇ?

ಫೆಬ್ರವರಿ 15

ಮತ್ತೆ ಕಕ್ಕಿತು. ಮಗಳು ಬರುವ ಮೊದಲೇ ಒರೆಸಿ, ಕಿಟಕಿ ತೆರೆದಿಟ್ಟೆ.

ಫೆಬ್ರವರಿ 20

ಕೆಳಗಿನ ಮನೆಯ ಟೈಲರಮ್ಮ ಪ್ಯಾಂಟು ಕೊಡಲು ಬಂದವರು ಬಾಗಿಲಲ್ಲೇ ನಿಂತರು. ಒಳಗೆ ಕಾಲಿಡುವುದಿಲ್ಲ.

"ಹಾವಿಗೆ ಹಾಲೆರೆಯಬೇಡಿ ಅಂತ ಹಿರಿಯರು ಹೇಳಿದ್ರು. ಇಲಿ ಎರೆಯಬೇಡಿ ಅನ್ನೋದು ಮರೆತುಬಿಟ್ರು ನೋಡಿ!"

"ನಿಮ್ಮ ಮನೇಲಿ ಇಲಿ ಇದ್ರೆ ಹೇಳಿ, ಇವನನ್ನೇ ಕಳಿಸ್ತೀನಿ."

"ಅಯ್ಯೋ ಬೇಡಪ್ಪ. ಸೊಂಟ ಎರಡಿಂಚು ಹಿಡಿದಿದ್ದೀನಿ. ಇಳಿದುಹೋಗಿದ್ದೀರಿ. ಊಟ ಮಾಡ್ತಿದ್ದೀರೋ ಇಲ್ವೋ?"

ನಕ್ಕೆ. ಅವರು ಹೋದ ಮೇಲೆ ಇನ್ನೊಂದು ಕೊಟ್ಟೆ. ಈ ಸಲ ಅಂಗೈಯಲ್ಲಿಟ್ಟುಕೊಂಡು ಒಂದು ಗಂಟೆ ಕೂತೆ, ನನ್ನ ಶಾಖಕ್ಕಾದರೂ ಅರಗಲಿ ಎಂದು.

ಅರಗಲಿಲ್ಲ. ಮರುದಿನ ಕಕ್ಕಿತು. (ಇದು 21ರಂದು ಸೇರಿಸಿದ ಸಾಲು.)

ಫೆಬ್ರವರಿ 26

ಭಾನುವಾರ ಮಗಳು ತಾನೇ ಕೊಟ್ಟಳು, ಹನ್ನೆರಡು ದಿನದ ಲೆಕ್ಕ ಹಿಡಿದು. ಅವಳ ಪಾಲಿಗೆ ಹನ್ನೆರಡು. ಇವತ್ತು ಅವಳ ಕಣ್ಣೆದುರೇ ಬಾಯಿ ಅಗಲಿಸಿ, ಕುತ್ತಿಗೆ ಕೊಂಕಿಸಿ… ಅವಳು ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತುಬಿಟ್ಟಳು. ಹನ್ನೊಂದು ಗ್ರಾಂ.

ಫೆಬ್ರವರಿ 27, ಮಧ್ಯಾಹ್ನ

ಪ್ರಾಣಿ ಡಾಕ್ಟರ ಹತ್ತಿರ ಹೋಗಿದ್ದೆವು. ಹೆಂಗಸು, ಮಾತು ಕಡಿಮೆ. ಕಾಯುವ ಕೋಣೆಯಲ್ಲಿ ಎಲ್ಲರ ತೊಡೆಯ ಮೇಲೂ ನಾಯಿ, ಬೆಕ್ಕು. ನನ್ನ ತೊಡೆಯ ಮೇಲೆ ಊಟದ ಡಬ್ಬಿ, ಮುಚ್ಚಳಕ್ಕೆ ತೂತು.

"ಊಟ ಎಷ್ಟು ದಿನಕ್ಕೆ?"

"ವಾರಕ್ಕೊಂದು. ಈಗ ಹನ್ನೆರಡು ದಿನ ಬಿಟ್ಟು ಕೊಟ್ಟೆ" ಎಂದಳು ಮಗಳು.

"ಮಧ್ಯೆ?"

"ಏನೂ ಇಲ್ಲ."

ಡಾಕ್ಟರು ನನ್ನ ಕಡೆ ತಿರುಗಿದರು. "ಹಗಲು ನೋಡಿಕೊಳ್ಳೋರು ನೀವಲ್ವಾ ಯಜಮಾನ್ರೇ? ತಿಂದ ಮೇಲೆ ಕೈಗೆ ತಗೊಳ್ತೀರಾ?"

"ಛೆ ಛೆ" ಎಂದೆ.

ಅವರು ಏನೋ ಬರೆದುಕೊಂಡರು. "ಶಾಖ ಸರಿ ಇದೆ, ಊಟ ಸರಿ ಇದೆ, ಯಾರೂ ಮುಟ್ಟಿಲ್ಲ. ಹಾಗಿದ್ರೆ ನನಗೆ ಒಂದೇ ಅನುಮಾನ. ಕರುಳಿಗೆ ಬರೋ ಒಂದು ಸೋಂಕಿದೆ, ಅದಕ್ಕೆ ಮದ್ದಿಲ್ಲ. ಪರೀಕ್ಷೆಗೆ ಕಳಿಸ್ತೀನಿ. ಆದ್ರೆ ಹನ್ನೊಂದು ಗ್ರಾಮಿಗೆ ಇಳಿದಿದೆ ನೋಡಿ… ಸೋಮವಾರ ಕರ್ಕೊಂಡು ಬನ್ನಿ. ಇನ್ನೂ ಇಳಿದಿದ್ರೆ ಒದ್ದಾಡಿಸೋದು ಬೇಡಮ್ಮ, ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡೋಣ."

ಬಸ್ಸಿನಲ್ಲಿ ಡಬ್ಬಿ ಮಗಳ ಕೈಯಲ್ಲಿತ್ತು. ನನ್ನ ಕೈ ಖಾಲಿ. ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಮಾರ್ಚ್ 2, ಶನಿವಾರ

ಎರಡು ದಿನ ಬರೆಯಲಿಲ್ಲ. ಆನೆಸ್ಟಿ ಈಸ್ ದಿ ಬೆಸ್ಟ್ — ಮುಂದಿನದು ಮರೆತಿದೆ. ಸುಳ್ಳು. ಮರೆತಿಲ್ಲ.

ಮಗಳು ಲ್ಯಾಬಿನಿಂದ ಒಂದು ಡಬ್ಬಿ ತಂದಿದ್ದಾಳೆ, ಹಲ್ಲಿನ ಸೆಟ್ಟು ಇಟ್ಟು ಕೊಡುವಂಥದ್ದು. ಒಳಗೆ ಹತ್ತಿ ಹಾಸಿದ್ದಾಳೆ. ಯಾಕೆಂದು ನಾನು ಕೇಳಲಿಲ್ಲ. ಅಳತೆ ನೋಡಿದೆ. ಸುರುಳಿ ಸುತ್ತಿದರೆ ಹಿಡಿಸುತ್ತದೆ.

ಮಾರ್ಚ್ 3, ಬೆಳಗ್ಗೆ 11

ಹೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದಳು. ಬಟಾಣಿಯ ಹಿಂದಿನ ಡಬ್ಬಿ ತಂದು ಮುಂದೆ ಇಟ್ಟೆ. ಆಮೇಲೆ ತಾರೀಖು ತಾರೀಖು ಹೇಳಿದೆ. ಅಂಗೈಯದ್ದೂ ಹೇಳಿದೆ.

ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಒಂದು ಟವೆಲ್ಲನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿದಳು.

"ಅಮ್ಮಂಗೂ ಹೀಗೇ ಮಾಡ್ತಿದ್ದೆ."

"ಅವಳು ತಿಂತಿದ್ಲಲ್ಲೇ. ಕೊನೇ ತಿಂಗಳಲ್ಲೂ ತಟ್ಟೆ ಖಾಲಿ ಮಾಡ್ತಿದ್ಲು."

"ಮಾಡ್ತಿದ್ಲು. ನೀನು ಪಾತ್ರೆ ತೊಳೆಯೋಕೆ ಹೋಗ್ತಿದ್ದೆ. ಅವಳು ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ಎಲ್ಲ ಕಕ್ಕೋಳು. ನಾನು ಹಣೆ ಹಿಡ್ಕೊಂಡಿರ್ತಿದ್ದೆ."

"ಯಾಕೆ ಹೇಳ್ಲಿಲ್ಲ?"

"ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದ್ಲು. ತಟ್ಟೆ ಖಾಲಿಯಾದ ದಿನ ನೀನು ಸಿಂಕಿನ ಹತ್ರ ಸಿಳ್ಳೆ ಹಾಕ್ತಿದ್ದೆ. 'ಅದು ಕೇಳ್ಬೇಕು ಕಣೇ ನಂಗೆ' ಅನ್ನೋಳು."

ಸಿಳ್ಳೆ ಹಾಕುತ್ತಿದ್ದೆನೇ? ನೆನಪಿಲ್ಲ. ಚಮಚ ನೆನಪಿದೆ. ಇನ್ನೊಂದೇ, ಇನ್ನೊಂದೇ ಎಂದದ್ದು ನೆನಪಿದೆ. ಅವಳು ಕಣ್ಣು ಮುಚ್ಚಿ ನುಂಗುತ್ತಿದ್ದಳು. ರುಚಿಗೆ ಕಣ್ಣು ಮುಚ್ಚುತ್ತಾಳೆ ಅಂದುಕೊಂಡಿದ್ದೆ.

ಮಾರ್ಚ್ 4

ಡಾಕ್ಟರಿಗೆ ನಾನೇ ಹೇಳಿದೆ. ಮಗಳು ಪಕ್ಕದಲ್ಲಿ ನಿಂತಿದ್ದಳು. ಡಾಕ್ಟರು ಬರೆದಿದ್ದಕ್ಕೆ ಅಡ್ಡಗೆರೆ ಎಳೆದು ನನ್ನನ್ನೇ ನೋಡಿದರು.

"ಇದನ್ನ ಬುಧವಾರ ಹೇಳಿದ್ರೆ ನಿಮ್ಮ ಮಗಳಿಗೆ ನಾಲ್ಕು ದಿನ ನಿದ್ದೆ ಸಿಗ್ತಿತ್ತು."

"ಹೌದು."

"ಪರೀಕ್ಷೆಯಲ್ಲಿ ಸೋಂಕು ಕಾಣ್ಲಿಲ್ಲ. ಅಷ್ಟಕ್ಕೇ ಖಾತ್ರಿ ಇಲ್ಲ. ಕೊನೇ ಸಲ ಕಕ್ಕಿದ್ದು 26ಕ್ಕೆ ಅಲ್ವಾ? ಅಲ್ಲಿಂದ ಹದಿನೈದು ದಿನ ನೀರು ಮಾತ್ರ. ಆಮೇಲೆ ಅರ್ಧ ಇಲಿಮರಿ. ಕೊಟ್ಟ ಮೇಲೆ ಎರಡು ದಿನ ಮುಚ್ಚಳ ತೆಗೆಯೋ ಹಾಗಿಲ್ಲ. ಆದ್ರೂ ಕಕ್ಕಿದ್ರೆ ನನ್ನ ಕೈಲಿ ಏನೂ ಇಲ್ಲ. ನಿಮ್ಮ ಕೈಲಿ ಇರೋದು ಒಂದೇ, ಕೈ ಕಟ್ಟಿ ಕೂರೋದು. ಆಗತ್ತಾ?"

ಆಗುತ್ತದೆ ಎಂದೆ. ಆರುನೂರು ತಟ್ಟೆ ಇದಕ್ಕಿಂತ ಸುಲಭ.

ಮಾರ್ಚ್ 13

ಅರ್ಧ. ಮಗಳು ಕತ್ತರಿಸಿದಳು, ನಾನು ಇಕ್ಕಳದಲ್ಲಿ ಹಿಡಿದೆ. ತೆಗೆದುಕೊಂಡಿತು. ಮುಚ್ಚಳ ಹಾಕಿದೆವು. ಹತ್ತು ಗ್ರಾಂ ಹಾವು, ಒಳಗೆ ಸಣ್ಣ ಉಬ್ಬು.

ಮಾರ್ಚ್ 14

ಕಕ್ಕಿಲ್ಲ. ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಮಗಳು ನೋಡಿ, "ಎಕ್ಸಾಮ್ ಹಾಲ್‌ನಲ್ಲಿ ಕೂತಂಗೆ ಕೂತಿದ್ದೀಯಲ್ಲ" ಎಂದಳು. ನಕ್ಕಳು. ಎಷ್ಟು ದಿನವಾಯಿತು.

ಮಾರ್ಚ್ 15

ಕಕ್ಕಿಲ್ಲ. ಉಬ್ಬು ಇಳಿದಿದೆ, ಹಿಂದಕ್ಕೆ ಸರಿದಿದೆ.

ಮಾರ್ಚ್ 18, ಬೆಳಗ್ಗೆ 9-40

ಹೇತಿದೆ! ಕಪ್ಪಗೆ, ತುದಿಗೆ ಸ್ವಲ್ಪ ಬಿಳಿ, ಅಕ್ಕಿಕಾಳಿಗಿಂತ ಚೂರು ಉದ್ದ. ಅನ್ನನಾಳದಿಂದ ಕೊನೆಯವರೆಗೆ ದಾಟಿ ಬಂದಿದೆ. ಲ್ಯಾಬಿಗೆ ಫೋನ್ ಮಾಡಿದೆ. ಮಗಳು ಅಲ್ಲಿದ್ದವರಿಗೆಲ್ಲ ಕೇಳಿಸುವ ಹಾಗೆ ಕೂಗಿದಳು. ಹಿಂದೆ ಯಾರೋ ಚಪ್ಪಾಳೆ ತಟ್ಟಿದರು.

"ಅಪ್ಪಾ, ಮುಂದಿನ ಊಟ ಶನಿವಾರ. ಅದೂ ಅರ್ಧವೇ" ಎಂದಳು.

"ಗೊತ್ತು."

"ಗೊತ್ತು ಅಂತ ಗೊತ್ತು. ಆದ್ರೂ ಹೇಳ್ದೆ."

ಇವತ್ತು ಸೋಮವಾರ. ಈಗ ಅದು ಗಾಜಿಗೆ ಮೂತಿ ಹಚ್ಚಿ ನಾಲಿಗೆ ಚಾಚುತ್ತಿದೆ. ಕೇಳುತ್ತಿದೆ ಅನ್ನಿಸುತ್ತದೆ. ಕೇಳುತ್ತಿಲ್ಲ. ಹಾವಿಗೆ ನಾಲಿಗೆಯೇ ಮೂಗು, ಸುಮ್ಮನೆ ಮೂಸಿ ನೋಡುತ್ತಿದೆ, ಅಷ್ಟೇ. ನಾನು ಎದ್ದು ಸ್ವಲ್ಪ ಹೊತ್ತು ಆಚೆ ಹೋಗಬೇಕು. ಅಡುಗೆಮನೆಯ ಫ್ರೀಜರ್ ಕಡೆಯಿಂದಲ್ಲ, ಬಾಲ್ಕನಿ ಕಡೆಯಿಂದ ಸುತ್ತಿಕೊಂಡು —