ಎಮ್ಮೆಬಂಡೆ ಮುಳುಗಿದ ದಿನ

ಸೆಪ್ಟೆಂಬರ್ 4, ಬೆಳಿಗ್ಗೆ

ಹಸುವಿಗೆ ಹುಲ್ಲು ಹಾಕಿ ಬಂದೆ. ಹಳ್ಳ ಬಂದಿದೆ. ಸ್ಕಂದಗಿರಿಯ ಮೇಲಿಂದ ಕೆಂಪು ನೀರು ಧುಮುಕುತ್ತಿದೆ. ಗೌತಮಿಗೆ ಫೋನ್ ಮಾಡಿದೆ — ಬೇಗ ಹೊರಡು, ಮಧ್ಯಾಹ್ನಕ್ಕೆಲ್ಲ ಇಳಿದುಹೋಗುತ್ತದೆ.

ಅದೇ ದಿನ, ಸಂಜೆ

ಬೆಳಿಗ್ಗೆ ಬರೆದದ್ದು ಸುಳ್ಳು. ಹುಲ್ಲು ಹಾಕಿದ್ದು, ಫೋನ್ ಮಾಡಿದ್ದು ಮಾತ್ರ ನಿಜ. ಹಳ್ಳದಲ್ಲಿ ನಾಯಿ ನೆಕ್ಕುವಷ್ಟೂ ನೀರಿಲ್ಲ. ಫೋನಿನಲ್ಲಿ ಹೇಳಿದ ಸುಳ್ಳು ಬರಹದಲ್ಲಿ ಹೇಗೆ ಕಾಣುತ್ತದೋ ನೋಡೋಣ ಅನ್ನಿಸಿತು. ಚೆನ್ನಾಗಿಯೇ ಇದೆ.

ಗೌತಮಿ ಶಿಡ್ಲಘಟ್ಟದ ಒಂದು ಸ್ಕೂಲಿನಲ್ಲಿ ಪಿ.ಟಿ. ಟೀಚರ್. ಹೋದ ವರ್ಷ ನಮ್ಮ ಹಳ್ಳ ನೋಡಲು ಬಂದವಳು, ನನ್ನ ನಂಬರ್ ತೆಗೆದುಕೊಂಡು ಹೋಗಿದ್ದಳು. ಇವತ್ತು ಅರ್ಧ ದಿನ ರಜೆ ಹಾಕಿ ಬಂದಳು. ಜೊತೆಗೆ ಅವಳ ಸ್ನೇಹಿತ, ಚಿಂತಾಮಣಿಯ ಜಗನ್. ಅವನ ಜೀಪು. ಜೀಪಿನ ನೆತ್ತಿಯ ಮೇಲೆ ಎರಡು ಪ್ಲಾಸ್ಟಿಕ್ ದೋಣಿ. ಒಬ್ಬೊಬ್ಬರೇ ಕೂರುವಂಥವು. ಸೊಂಟದವರೆಗೆ ಒಳಗೆ ತೂರಿಕೊಂಡು, ಎರಡೂ ತುದಿಗೆ ಅಲಗಿರುವ ಹುಟ್ಟು ಹಿಡಿದು, ಬಂಡೆಯಿಂದ ಬಂಡೆಗೆ ನೀರಿನ ಜೊತೆಯಲ್ಲೇ ಬೀಳುವುದು. ಕಯಾಕ್ ಅನ್ನುತ್ತಾರೆ. ಕಾಯಕ ಇಲ್ಲದವರ ಕಯಾಕ್. ನನ್ನ ಬದುಕು ಹಳ್ಳ ಹಿಡಿದು ಎಷ್ಟೋ ಕಾಲವಾಯಿತು; ಇವರು ಡೀಸೆಲ್ ಸುಟ್ಟುಕೊಂಡು ಬಂದು ಹಳ್ಳ ಹಿಡಿಯುತ್ತಾರಂತೆ.

ಇಬ್ಬರೂ ಹೆಲ್ಮೆಟ್ ಹಾಕಿಕೊಂಡು ಒಣ ಮರಳಿನಲ್ಲಿ ನಿಂತರು. ಸೇವಂತಿಗೆ ಸಾಲಿನ ಹಿಂದೆ ಕೂತು ನಕ್ಕೆ.

“ಏನ್ ತಾತ ಇದು,” ಅಂದ ಜಗನ್. “ನೀರೆಲ್ಲಿ?”

“ಬಿಂದಿಗೇಲಿದೆ. ಕುಡೀತೀಯಾ?”

ಗೌತಮಿ ನಗಲಿಲ್ಲ. ಹೆಲ್ಮೆಟ್ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಜೀಪು ಹತ್ತಿದಳು.

ಅಶ್ವತ್ಥಮ್ಮ ಬಾಗಿಲಲ್ಲಿ ನಿಂತಿದ್ದಳು. “ಮದುವೆ ದಿನ ನಮ್ಮಪ್ಪನ ಚಪ್ಪಲಿ ಬಾವಿಗೆ ಹಾಕಿದ್ಯಲ್ಲ, ಅವತ್ತೇ ವಾಪಸ್ ಹೋಗ್ಬೇಕಿತ್ತು ನಾನು.”

ಸೆಪ್ಟೆಂಬರ್ 8

ಗೌತಮಿ ಸ್ಕೂಟರಿನಲ್ಲಿ ಒಬ್ಬಳೇ ಬಂದಳು. ಬೈಯುತ್ತಾಳೆ ಅಂತ ಮೊದಲೇ ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದೆ. ನೋಡಿದಳು. ತಾನೇ ತೆಗೆದಳು.

“ಜಗಳಕ್ಕೆ ಬಂದಿಲ್ಲ ತಾತ. ಈ ಹಳ್ಳ ತುಂಬಿ ಬರೋದು ವರ್ಷಕ್ಕೆ ಒಂದ್ಸಲ. ಕೆಲವು ವರ್ಷ ಅದೂ ಇಲ್ಲ. ಬಂದ್ರೂ ಅರ್ಧ ದಿನ. ಬಂತು ಅಂತ ಹೇಳೋಕೆ ನನಗೆ ನೀನೊಬ್ಬನೇ ಇರೋದು. ಎಲ್ಲೆಲ್ಲೋ ಹೋಗಿ ಯಾರ್‍ಯಾರೂರ ನೀರಲ್ಲೋ ಇಳಿದೆ. ಚಿಕ್ಕೋಳಿದ್ದಾಗ ನಮ್ಮಪ್ಪ ತೋರಿಸಿದ್ದು ಮಾತ್ರ ಇದನ್ನ. ಇದರಲ್ಲಿ ಒಂದೇ ಒಂದ್ಸಲ ಇಳೀಬೇಕು.”

ಅವಳ ಕೈಯಲ್ಲಿದ್ದ ಹತ್ತಿ ಇಸಿದುಕೊಂಡು ಜೇಬಿಗೆ ಹಾಕಿಕೊಂಡೆ.

ಆಮೇಲೆ ಹಳ್ಳದುದ್ದಕ್ಕೂ ಬೆಟ್ಟ ಹತ್ತಿಸಿದಳು. ಹುಟ್ಟಿದಾಗಿನಿಂದ ನೋಡಿದ ಹಳ್ಳ. ಅವಳು ತೋರಿಸಿದ ಮೇಲೆ ಬೇರೆಯೇ ಕಂಡಿತು. ಇಲ್ಲಿ ಎಡಕ್ಕೆ ತಿರುಗಬೇಕು, ಇಲ್ಲಿ ಉಸಿರು ಕಟ್ಟಬೇಕು, ಇಲ್ಲಿ ದೋಣಿಯ ಮೂತಿ ಎತ್ತಬೇಕು. “ನೀರಿಗಿಂತ ಮರಕ್ಕೆ ಹೆದರ್ಬೇಕು ತಾತ. ಅಡ್ಡ ಬಿದ್ದ ಕೊಂಬೇಲಿ ಸಿಕ್ಕೊಂಡ್ರೆ ಮುಗೀತು.” ಬಾಗಿದ್ದ ಹೊಂಗೆಕೊಂಬೆ ಕಡಿದು ಹಾಕಿದೆ.

ನಮ್ಮ ಹೊಲದ ಪಕ್ಕದ ಎಮ್ಮೆಬಂಡೆ, ಮಲಗಿದ ಎಮ್ಮೆಯಂತೆಯೇ ಇದೆ. ಅದರ ಮೇಲೆ ಸುಣ್ಣದಲ್ಲಿ ಎರಡು ಗೆರೆ ಎಳೆದಳು. ಹೊಟ್ಟೆಗೊಂದು, ಬೆನ್ನಿಗೊಂದು.

“ಹೊಟ್ಟೆ ಗೆರೆಗೆ ಬಂದ್ರೆ ಬಾ ಅನ್ನು. ಬೆನ್ನಿನ ಗೆರೆ ಮುಳುಗಿದ್ರೆ ಬರಬೇಡ ಅನ್ನು. ಅವತ್ತು ಇಳಿದ್ರೆ ಹೆಣಾನೇ.”

ಊಟಕ್ಕೆ ಕೂತಾಗ ಆಣೆ ಕೇಳಿದಳು. ಹಳ್ಳದ ವಿಷಯದಲ್ಲಿ ಸುಳ್ಳು ಹೇಳಲ್ಲ ಅಂತ. ಅನ್ನದ ಮೇಲೆ. ತಟ್ಟೆಯಲ್ಲಿದ್ದ ಮುದ್ದೆ ಮುಟ್ಟಿದೆ.

“ಅನ್ನ ಅಲ್ಲ ಅದು, ಮುದ್ದೆ ಅಂತ ಆಮೇಲೆ ತಪ್ಪಿಸ್ಕೋಬೇಡ,” ಅಂದಳು ಅಶ್ವತ್ಥಮ್ಮ.

ಅದನ್ನೇ ಯೋಚಿಸುತ್ತಿದ್ದೆ.

ಸೆಪ್ಟೆಂಬರ್ 28, ಭಾನುವಾರ

ಈಗ ಭಾನುವಾರ ಬಂದರೆ ಇಬ್ಬರೂ ಹಾಜರು. ಮಳೆ ಇಲ್ಲದಿದ್ದರೂ. ಬಂಡೆ ನೋಡುತ್ತಾರೆ, ಮುಳ್ಳು ಎಳೆದು ಹಾಕುತ್ತಾರೆ, ಹೂ ಬಿಡಿಸಲು ಕೈ ಹಾಕುತ್ತಾರೆ. ಅಶ್ವತ್ಥಮ್ಮ ಶನಿವಾರವೇ ಹುರುಳಿ ಮೊಳಕೆ ಕಟ್ಟಿ ಇಡುತ್ತಾಳೆ.

ಇವತ್ತು ಅವರು ಮೇಲೆ ಹೋಗಿದ್ದಾಗ ಹೊಲದ ಬೆದರುಬೊಂಬೆಯನ್ನು ದೋಣಿಯಲ್ಲಿ ಕೂರಿಸಿದೆ. ಹೆಲ್ಮೆಟ್ ಹಾಕಿ ಹುಟ್ಟು ಕೊಟ್ಟೆ. ಗೌತಮಿ ಬಂದು ನೋಡಿ, ನಕ್ಕು ನಕ್ಕು ಮರಳಲ್ಲೇ ಕೂತಳು. “ನನಗಿಂತ ಇದೇ ಚೆನ್ನಾಗಿ ಕೂತಿದೆ ತಾತ. ಬೆನ್ನು ನೋಡು, ಎಷ್ಟು ನೆಟ್ಟಗಿದೆ.” ಬಹಳ ದಿನವಾಗಿತ್ತು, ನನ್ನ ಆಟಕ್ಕೆ ಯಾರಾದರೂ ಹೀಗೆ ನಕ್ಕು. ಊರಲ್ಲಿ ಈಗ ನನ್ನನ್ನು ಕಂಡರೆ ಚಪ್ಪಲಿ ಒಳಗಿಡುತ್ತಾರೆ, ಅಷ್ಟೇ.

ಹೋಗುವಾಗ ಜಗನ್ ಹಗ್ಗ ಬಿಗಿಯುತ್ತಾ ಅಂದ, “ಇನ್ನೇನು ತಾತ, ಒಂದ್ಸಲ ಇಳಿದುಬಿಟ್ರೆ ಇವಳು ಈ ಕಡೆ ತಲೇನೂ ಹಾಕಲ್ಲ. ಯಾವಾಗ್ಲೂ ಹಿಂಗೇ. ಆಮೇಲೆ ಇನ್ನೊಂದು ಹಳ್ಳ ಹುಡುಕ್ತಾಳೆ.”

ಇಲ್ಲ ಅನ್ನುತ್ತಾಳೇನೋ ಅಂತ ನೋಡಿದೆ. ಅವಳು ಹೂವಿನ ಕವರ್ ಕಟ್ಟುತ್ತಿದ್ದಳು.

ಅಕ್ಟೋಬರ್ 16, ಬೆಳಿಗ್ಗೆ

ರಾತ್ರಿಯೆಲ್ಲ ಸುರಿದಿದೆ. ಹಳ್ಳದ ಸದ್ದು ಹಾಸಿಗೆಯವರೆಗೆ. ಗೋಣಿಚೀಲ ಕೊಪ್ಪೆ ಹಾಕಿಕೊಂಡು ಹೋಗಿ ನೋಡಿ ಬಂದೆ.

ಒಲೆ ಮುಂದೆ ಕೂರುವಷ್ಟರಲ್ಲಿ ಅವಳದೇ ಫೋನ್. ಜೀಪಿನಲ್ಲಿ ದೋಣಿ ಕಟ್ಟಿ ಆಗಿದೆಯಂತೆ.

“ಎಷ್ಟಿದೆ ತಾತ?”

“ಬೆನ್ನು ಮುಳುಗೋಗಿದೆ ಕಣಮ್ಮ. ಬರಬೇಡ.”

“…ಆಟ ಅಲ್ಲ ತಾನೇ?”

“ಅಲ್ಲ ಕಣಮ್ಮ. ಆಣೆ ಮಾಡಿಲ್ವಾ?”

“ದೋಣಿ ಬಿಚ್ಚು,” ಅಂತ ಜಗನ್‌ಗೆ ಹೇಳಿದ್ದು ಕೇಳಿಸಿತು. ಆಮೇಲೆ, “ಸರಿ ತಾತ. ನೀನೂ ಹತ್ರ ಹೋಗ್ಬೇಡ,” ಅಂದಳು.

ಮಧ್ಯಾಹ್ನ

ಅಶ್ವತ್ಥಮ್ಮ ಬಿಸಿ ಮುದ್ದೆ ಇಟ್ಟಳು. ಮುರಿಯಲಿಲ್ಲ.

“ಯಾಕೆ ಹಂಗೇ ಇದೆ?”

ಹೊಟ್ಟೆ ಸರಿ ಇಲ್ಲ ಅಂದೆ.

ಅಕ್ಟೋಬರ್ 17

ಹಳ್ಳ ಇಳಿದಿದೆ.

ಜನವರಿ 12

ಇಷ್ಟು ದಿನ ಬರೆಯಲಿಲ್ಲ. ಮಳೆಯೂ ಬರಲಿಲ್ಲ. ಅವರೂ ಬರಲಿಲ್ಲ — ಮಳೆಗಾಲ ಮುಗಿದಿತ್ತು, ಬಂದು ಏನು ಮಾಡುತ್ತಾರೆ? ಮುಂದಿನ ಮಳೆಗಾಲಕ್ಕೆ ಬರುತ್ತಾರೆ ಅಂತಿದ್ದೆ.

ಬೆಳಿಗ್ಗೆ ಜೆಸಿಬಿ ಬಂತು. ಹಳ್ಳಕ್ಕೆ ಮೂರು ಕಡೆ ಚೆಕ್‌ಡ್ಯಾಮ್ ಅಂತೆ. ಅಶ್ವತ್ಥಮ್ಮನಿಗೆ ಖುಷಿ, “ಬೋರಲ್ಲಿ ನೀರು ಮೇಲಕ್ಕೆ ಬರುತ್ತೆ.” ಅವಳದು ತಪ್ಪಲ್ಲ. ಊರಿಗೆಲ್ಲ ಖುಷಿಯೇ.

ಎಮ್ಮೆಬಂಡೆಗೆ ಡ್ರಿಲ್ ಇಟ್ಟರು. ಓಡಿಹೋಗಿ ಅಡ್ಡ ನಿಂತೆ. “ಗಬ್ಬದ ಎಮ್ಮೆ ಕಣಪ್ಪಾ, ಬಿಟ್ಬಿಡು.” ಡ್ರೈವರ್ ನಕ್ಕ. ನಗಿಸುವುದು ಬಿಟ್ಟು ಬೇರೆ ಏನಾದರೂ ಬರುತ್ತಿದ್ದರೆ ಹೇಳುತ್ತಿದ್ದೆ. ಅವನು ನಗುತ್ತಲೇ ಕೆಲಸ ಮಾಡಿದ.

ಜನವರಿ 18, ಭಾನುವಾರ

ಗೌತಮಿ ಬಂದಳು. ಯಾರೋ ಹೇಳಿದ್ದರಂತೆ. ದೋಣಿ ಇಲ್ಲ. ಹಳ್ಳಕ್ಕೆ ಅಡ್ಡ ನಿಂತ ಕಂಬಿ, ಸಿಮೆಂಟ್ ನೋಡುತ್ತಾ ನಿಂತಳು.

“ಇನ್ನು ಆಗಲ್ಲ ಅಲ್ವಾ ತಾತ.”

“ಬೇರೆ ಹಳ್ಳ ಹುಡುಕು ಕಣಮ್ಮ.”

“ಹುಡುಕ್ಬೋದು. ಇದಲ್ವಲ್ಲ.”

ಪುಡಿ ಕಲ್ಲುಗಳಲ್ಲಿ ಕೆದಕಿ ಒಂದು ಚೂರು ಎತ್ತಿಕೊಂಡಳು. ಮೇಲೆ ಸುಣ್ಣದ ಗೆರೆ, ಬೆರಳುದ್ದ. ಹೊಟ್ಟೆಯದೋ ಬೆನ್ನಿನದೋ ಗೊತ್ತಾಗಲಿಲ್ಲ. ನನ್ನ ಕೈಗೆ ಇಟ್ಟಳು.

“ಅವತ್ತು ನೀನು ಬಾ ಅಂದಿದ್ರೆ ಕಣ್ಮುಚ್ಕೊಂಡು ಇಳಿದುಬಿಡ್ತಿದ್ದೆ. ಬದುಕಿದೀನಿ ಅಂದ್ರೆ ನಿನ್ನಿಂದ. ಸ್ಕೂಲಲ್ಲಿ ಮಕ್ಕಳಿಗೆಲ್ಲ ಹೇಳ್ತೀನಿ. ನಮ್ಮ ತಾತ ಎಲ್ಲಾದ್ರಲ್ಲೂ ಸುಳ್ಳ, ನೀರಿನ ವಿಷಯದಲ್ಲಿ ಮಾತ್ರ ಅಲ್ಲ ಅಂತ.”

ಹೇಳಲು ಬಾಯಿ ತೆರೆದೆ. “ಕಲ್ಲು ಕೊಟ್ಟಿದ್ದೀಯ, ಹೊಡೆಯೋದು ಯಾರಿಗೆ?” ಅಂತ ಬಂತು.

ನಕ್ಕಳು. ಅಶ್ವತ್ಥಮ್ಮ ಕೊಟ್ಟ ಹುರುಳಿ ಮೊಳಕೆ ತೆಗೆದುಕೊಂಡು ಹೋದಳು.

ಜನವರಿ 19

ಅವಳಿಗೆ ಹೇಳಲಾಗಲಿಲ್ಲ. ಇಲ್ಲಾದರೂ ಬರೆಯುತ್ತೇನೆ.

ಅವತ್ತು ಬೆನ್ನು ಮುಳುಗಿರಲಿಲ್ಲ. ನೀರು ಹೊಟ್ಟೆಯ ಗೆರೆಗೇ ಇತ್ತು, ಅಳೆದು ಸುರಿದ ಹಾಗೆ. ಕೊಂಬೆ ಅಡ್ಡ ಇರಲಿಲ್ಲ. ನೋಡಿದೆ. ಚೆನ್ನಾಗಿ ನೋಡಿದೆ. ನೋಡಿಯೇ ಬರಬೇಡ ಅಂದೆ. ಇಳಿಯದಿದ್ದರೆ ಮುಂದಿನ ವರ್ಷವೂ ಬರುತ್ತಾಳಲ್ಲ ಅಂತ.