ಸೇತುವೆಗೆ ಮನೆ ನಂಬರ್ ಇಲ್ಲ

ಕೌನ್ಸಿಲ್‌ನ ಆನ್‌ಲೈನ್ ಸೇವೆಗಳ ಮುಖ್ಯಸ್ಥರಿಗೆ,

ಮಾನ್ಯರೇ, ಸಿಡ್ನಿಯ ನಮ್ಮ ಸಬರ್ಬ್‌ನಲ್ಲಿ ತೊರೆ ದಾಟುವ ಮರದ ಕಾಲುಸೇತುವೆ ಕೊಳೆತಿದೆ ಎಂದು ನಿಮಗೆ ಮೂರು ಸಲ ತಿಳಿಸಿದೆ. ಮೂರು ಸಲವೂ ನಿಮ್ಮ ಜಾಲತಾಣ ‘ದೂರು ಬಗೆಹರಿದಿದೆ’ ಎಂದಿತು. ಈಗ ಒಬ್ಬರ ಸೊಂಟದ ಮೂಳೆ ಮುರಿದಿದೆ.

ಅವರು ಗುರುಬಸವ ಅಂಕಲ್. ಬೆಳಗಾವಿಯ ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತು ವರ್ಷ ಸೇತುವೆಗಳನ್ನೇ ನೋಡಿಕೊಂಡವರು. ಈಗ ನಮ್ಮ ಪಕ್ಕದ ಮನೆಯಲ್ಲಿ ಮಗಳು ಪಲ್ಲವಿಯ ಜೊತೆ ಇದ್ದಾರೆ. “ತಂಗಿ, ಹಲಗಿ ಕೆಳಗಿನ ತೊಲಿ ಟೊಳ್ಳಾಗೇತಿ. ಸಾಲಿ ಹುಡುಗ್ರು ಅಡ್ಡಾಡೋ ಜಾಗಾ ಅದು,” ಎಂದರು. ಇಬ್ಬರೂ ನಿಮ್ಮ ಕಚೇರಿಗೆ ಬಂದೆವು. ಕೌಂಟರ್‌ನಲ್ಲಿದ್ದವರು ಬಹಳ ವಿನಯದಿಂದ ಒಂದು ಪರದೆಯತ್ತ ಕೈ ತೋರಿಸಿದರು.

ಆ ಫಾರ್ಮ್ ಮನೆ ನಂಬರ್ ಕೇಳಿತು. ಸೇತುವೆಗೆ ಎಲ್ಲಿಯ ನಂಬರ್? ಅದಿಲ್ಲದೆ ಫಾರ್ಮ್ ಮುಂದೆ ಹೋಗಲಿಲ್ಲ. ನಮ್ಮ ಮನೆಯದನ್ನೇ ತುಂಬಿದೆ. ‘ಈ ವಿಳಾಸದಲ್ಲಿ ಸೇತುವೆ ಕಂಡುಬಂದಿಲ್ಲ, ಬಗೆಹರಿದಿದೆ’ ಎಂಬ ಉತ್ತರ ಬಂತು. ಮತ್ತೆ ಬರೆದರೆ, ‘ಈ ದೂರು ಈಗಾಗಲೇ ಬಗೆಹರಿದಿದೆ.’ ಮೂರನೇ ಸಲ ಫೋಟೋ ಕೇಳಿದಿರಿ. ನಾನು ನಾರ್ತ್ ಸಿಡ್ನಿಯ ನನ್ನ ಆಫೀಸಿನಲ್ಲಿದ್ದೆ. “ಅಂಕಲ್, ವಾಕಿಂಗ್ ಹೋದಾಗ ಒಂದು ಫೋಟೋ ತೆಗೀತೀರಾ?” ಎಂದು ಫೋನಿನಲ್ಲಿ ಕೇಳಿದವಳು ನಾನೇ.

“ಅದಕ್ಕೇನವ್ವಾ, ತೊಲಿ ಕಾಣೂ ಹಂಗ ತಗೀತೀನಿ,” ಎಂದರು.

ತೊಲೆ ಕಾಣಲೆಂದು ಅಂಚಿನಲ್ಲಿ ಬಗ್ಗಿದಾಗ ಹಲಗೆ ಮುರಿಯಿತು. ನಾಯಿ ಕರೆದುಕೊಂಡು ಬಂದ ಮಹಿಳೆಯೊಬ್ಬರು ನೋಡುವವರೆಗೆ ಅಂಕಲ್ ನಲವತ್ತು ನಿಮಿಷ ತೊರೆಯ ಕಲ್ಲುಗಳ ಮೇಲೆ ಬಿದ್ದಿದ್ದರು. ಅವರನ್ನು ಆಪರೇಷನ್‌ಗೆ ಒಳಗೆ ಕರೆದೊಯ್ದಾಗ ನನಗೆ ನಿಮ್ಮ ಮೇಲ್ ಬಂತು: ಫೋಟೋ ಬಾರದ ಕಾರಣ ದೂರು ಮುಕ್ತಾಯ, ಬಗೆಹರಿದಿದೆ. ಕೆಳಗೆ, ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುವಿರಿ ಎಂಬ ಪ್ರಶ್ನೆ.

ಇಂಥ ಜಾಲತಾಣಗಳನ್ನು ಪರೀಕ್ಷಿಸುವುದೇ ನನ್ನ ಹೊಟ್ಟೆಪಾಡು. ಆದ್ದರಿಂದ ನಿಮ್ಮ ವಾರ್ಷಿಕ ಮೌಲ್ಯಮಾಪನದ ‘ಶೇಕಡಾ ತೊಂಬತ್ತಾರು ಪರಿಹಾರ’ ಹೇಗೆ ಹುಟ್ಟಿತೆಂದು ಬಲ್ಲೆ. ಮುಚ್ಚಿದ ದೂರನ್ನೆಲ್ಲ ಪರಿಹಾರವೆಂದು ಎಣಿಸಿದ್ದೀರಿ. ಮೌಲ್ಯಮಾಪನ ಮಾಡಿದವರಲ್ಲಿ ಯಾರಾದರೂ ಒಂದು ಹಲಗೆಯ ಮೇಲೆ ಕಾಲಿಟ್ಟಿದ್ದರೇ? ನಿಮ್ಮ ವ್ಯವಸ್ಥೆ ಕೆಟ್ಟಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ನಿಮ್ಮ ಪ್ರಕಾರ ಅದು ಚೆನ್ನಾಗಿಯೇ ನಡೆಯುತ್ತಿದೆ. ಹೀಗೆ ‘ಬಗೆಹರಿದ’ ಇನ್ನೆಷ್ಟು ಹಲಗೆಗಳು ಜನರ ಕಾಲ ಕೆಳಗಿವೆ?

ನಿನ್ನೆ ಇನ್ನೊಂದು ಹಲಗೆ ಕಳಚಿ ಬಿತ್ತು. ಅಡ್ಡಲಾಗಿ ಒಂದು ಹಗ್ಗವನ್ನೂ ನೀವು ಕಟ್ಟಿಲ್ಲ. ಸೋಮವಾರ ಶಾಲೆ ಶುರು. ಅಷ್ಟರೊಳಗೆ ಸೇತುವೆ ಮುಚ್ಚಿಸಿ. ಕೌಂಟರ್‌ನಲ್ಲಿ ಹೇಳಿದ್ದನ್ನು ಬರೆದುಕೊಳ್ಳುವ ಮನುಷ್ಯರನ್ನು ಕೂರಿಸಿ. ಜಾಗಕ್ಕೆ ಹೋಗಿ ನೋಡದವರು ಯಾವ ದೂರನ್ನೂ ಮುಚ್ಚಕೂಡದು.

ನೀವು ಬಾರದಿದ್ದರೆ ಪಲ್ಲವಿ ಮತ್ತು ನಾನು ಎರಡೂ ತುದಿಯಲ್ಲಿ ನಿಂತು ಮಕ್ಕಳನ್ನು ತಡೆಯುತ್ತೇವೆ. ನಮಗೆ ಸಿಕ್ಕಿರುವುದು ನಾಲ್ಕು ದಿನದ ರಜೆ.

ಇಂತಿ,
ಅಂಕಲ್ ಎದುರು ಇನ್ನೂ ಕ್ಷಮೆ ಕೇಳಲಾಗದ
ರುದ್ರಾಣಿ