ಅಮ್ಮನನ್ನು ಬೋರಲು ಮಲಗಿಸಿದ್ದು

ಆಸ್ಪತ್ರೆಯ ಬೆಂಚಿನಿಂದ,
ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಊರವರ ಮೂಳೆಯನ್ನೆಲ್ಲ ಸರಿಮಾಡುವ ಡಾಕ್ಟರಿಗೆ ತನ್ನ ಸೊಂಟವೊಂದು ಮಾತು ಕೇಳುವುದಿಲ್ಲ ಎಂದು ಅತ್ತಿಗೆ ಫೋನಿನಲ್ಲಿ ನಗುತ್ತಿದ್ದರು. ಬಗ್ಗಿ ಭಾರ ಎತ್ತಬೇಡ. ಅಮ್ಮನ ಗಂಟಲಿನ ನಳಿಕೆಯನ್ನು ನಿನ್ನೆ ತೆಗೆದರು, ಉಸಿರು ತಾನಾಗಿಯೇ ಆಡುತ್ತಿದೆ. ಇನ್ನು ಮುಂದಿನದನ್ನು ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಕೂತು ಓದು.

ಅಮ್ಮನ ನ್ಯುಮೋನಿಯಾ ಕೈಮೀರುತ್ತಿದೆ ಎಂದು ನನಗೆ ಅನುಮಾನ ಬಂದ ದಿನ ನೆನಪಿದೆಯಲ್ಲ? ಇದೇ ಆಸ್ಪತ್ರೆಯ ಐಸಿಯು ನರ್ಸಾಗಿ ಇಂಥವರನ್ನು ಬೇಕಾದಷ್ಟು ನೋಡಿದ್ದರೂ ಹೆತ್ತವಳ ವಿಷಯದಲ್ಲಿ ಕೈಕಾಲು ಆಡಲಿಲ್ಲ. ಮಾಸ್ಕಿನಲ್ಲಿ ಆಕ್ಸಿಜನ್ ಏರಿಸಿದರೂ ಬೆರಳಿನ ಯಂತ್ರದ ಅಂಕಿ ಇಳಿಯುತ್ತಲೇ ಇತ್ತು. ಒಂದು ಮಾತು ಮುಗಿಸಲು ಎರಡು ಸಲ ಉಸಿರೆಳೆಯುತ್ತಿದ್ದಳು. ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶ ಬೆಳ್ಳಗೆ, ಸ್ಕ್ಯಾನಿನಲ್ಲಿ ಹೃದಯ ಮಾತ್ರ ಗಟ್ಟಿ. ಹೃದಯ ಸೋತು ತುಂಬಿದ ನೀರಲ್ಲ ಅದು, ಶ್ವಾಸಕೋಶವೇ ಒಳಗೆ ಸೋರುತ್ತಿತ್ತು. ನಿನಗೆ ಫೋನ್ ಮಾಡಿದೆ. ‘ಎಆರ್‌ಡಿಎಸ್ ಕಣೇ, ಶ್ವಾಸಕೋಶ ಕೈಕೊಡ್ತಿದೆ, ತಡ ಮಾಡ್ಬೇಡಿ. ವೆಂಟಿಲೇಟರ್ ಹಾಕಿ, ಸಣ್ಣ ಸಣ್ಣ ಉಸಿರು ಕೊಡಿ, ಬೋರಲು ಮಲಗಿಸಿ’ ಎಂದವನು ನೀನೇ. ಇಲ್ಲಿನ ಡಾಕ್ಟರೂ ಅದನ್ನೇ ಹೇಳಿದರು. ನಾಲ್ಕೈದು ಜನ ಸೇರಿ, ನಳಿಕೆ ಜಾರದಂತೆ ಹಿಡಿದು, ಅವಳನ್ನು ತಿರುಗಿಸಿದೆವು. ಬೆನ್ನಿನ ಕಡೆ ಮುದುಡಿದ್ದ ಶ್ವಾಸಕೋಶ ಅರಳಿ ಅಂಕಿ ಏರಿದಾಗ ನಾನು ಎಲ್ಲರೆದುರೇ ಅತ್ತುಬಿಟ್ಟೆ.

ಮಾರನೆಯ ದಿನ ನಾನು ಸ್ನಾನಕ್ಕೆಂದು ಮನೆಗೆ ಹೋದಾಗ ನೀನು ಡ್ಯೂಟಿ ಡಾಕ್ಟರಿಗೆ ವಿಡಿಯೊ ಕರೆ ಮಾಡಿದೆ. ‘ಒಂದ್ಸಲ ಅಮ್ಮನ ಮುಖ ನೋಡ್ತೀನಿ, ತಿರುಗಿಸಪ್ಪಾ’ ಎಂದೆಯಂತೆ. ಪಾಪ, ನಿನ್ನ ಕಾಲೇಜಿನಲ್ಲೇ ಓದಿದ ಹುಡುಗ, ದೊಡ್ಡ ಡಾಕ್ಟರ ಮಾತು ಮೀರಲಿಲ್ಲ. ಹದಿನಾರು ಗಂಟೆಯಾದರೂ ಬೋರಲು ಇರಬೇಕಾದವಳನ್ನು ಅವಧಿಗೆ ಮುಂಚೆಯೇ ಅಂಗಾತ ಮಾಡಿದ. ನಾನು ಬರುವಷ್ಟರಲ್ಲಿ ಅಂಕಿ ಪಾತಾಳಕ್ಕಿಳಿದಿತ್ತು, ಅಮ್ಮನ ತುಟಿ ನೀಲಿಯಾಗಿತ್ತು. ಮತ್ತೆ ಬೋರಲು ಮಾಡಿ ಅವಳನ್ನು ಉಳಿಸಿಕೊಳ್ಳುವಷ್ಟರಲ್ಲಿ ನಮ್ಮ ಜೀವ ಬಾಯಿಗೆ ಬಂದಿತ್ತು.

ಅದನ್ನು ನಾನು ಹೊಟ್ಟೆಗೆ ಹಾಕಿಕೊಂಡೆ. ತಾಯಿಯ ಮುಖ ನೋಡುವ ಆಸೆ ಯಾರಿಗಿರುವುದಿಲ್ಲ? ಆದರೆ ಆಮೇಲೆ ಚಿಕ್ಕಮ್ಮನ ಫೋನ್ ಬಂತು. ‘ಹೆತ್ತ ತಾಯೀನ ಬೋರಲು ಹಾಕಿ ಉಸಿರು ಕಟ್ಟಿಸಿದ್ಯಂತಲ್ಲೇ, ನಿಮ್ಮಣ್ಣ ಅತ್ಕೊಂಡು ಹೇಳ್ದ’ ಎಂದರು. ಅಣ್ಣಾ, ತಿಳಿಯದವರು ಹೇಳಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಎಲ್ಲ ತಿಳಿದ ನೀನು, ನಿನ್ನ ತಪ್ಪು ಮುಚ್ಚಿಕೊಳ್ಳಲು ನನ್ನ ತಲೆಗೆ ಕಟ್ಟಿದೆಯಲ್ಲ! ನನಗೆ ಮೋಸವಾಗಿದೆ.

ಅತ್ತಿಗೆಗೆ ನನ್ನ ನೆನಪು ಹೇಳು, ಮಕ್ಕಳಿಗೆ ಮುತ್ತು. ನೀನೂ ಚೆನ್ನಾಗಿರು, ಸಿಟ್ಟಿನಲ್ಲೇ ಹಾರೈಸುತ್ತಿದ್ದೇನೆ.

ನಿನ್ನ ತಂಗಿ

ಮಡಿಸಿದ್ದನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ: ಅಮ್ಮ ಈಗಷ್ಟೇ ಮಾತಾಡಿದಳು. ಬೆಳಿಗ್ಗೆ ಚಿಕ್ಕಮ್ಮ ಬಂದು ಹೋಗಿದ್ದರು. ‘ನಿಮ್ಮಣ್ಣ ಫೋನಲ್ಲಿ ನೋಡಿ ತಿರುಗಿಸ್ದೇ ಇದ್ದಿದ್ರೆ ನೀನು ನನ್ನ ಸಾಯಿಸ್ತಿದ್ಯಂತೆ’ ಎಂದಳು. ವಾದ ಕೇಳುವಷ್ಟು ಉಸಿರು ಅವಳಿಗಿನ್ನೂ ಇಲ್ಲ, ನೀರಿನ ಲೋಟ ಮುಂದೆ ಹಿಡಿದೆ. ಬೇಗ ಬಾ, ನಿಜ ಏನೆಂದು ನೀನೇ ಹೇಳು. ಅವಳು ನನ್ನ ಕೈಯಿಂದ ನೀರು ಕುಡಿಯುತ್ತಿಲ್ಲ.